ಮಂಗಳೂರಿನ ಜವಳಿ ವ್ಯಾಪಾರಿ ಕೇದಾರದ ಏರಿನಲ್ಲಿ: ಸ್ವಾಮಿ ರಾಮದಾಸರ ನಡಿಗೆ

ಮಣ್ಣಗುಡ್ಡ (ಮಂಗಳೂರು): ಮಂಗಳೂರಿನಲ್ಲಿ ಗುಡ್ಡಗಳಿಗೆ ಬರವಿಲ್ಲ. ಮಣ್ಣಗುಡ್ಡ, ಬಾವುಟಗುಡ್ಡೆ, ಲೇಡಿಹಿಲ್, ಕದ್ರಿ ಗುಡ್ಡ ಹೀಗೆ ಹೆಸರುಗಳಲ್ಲಿ ಗುಡ್ಡ ಉಳಿದಿದೆ. ನೆಲದ ಮೇಲೆ ಮಾತ್ರ ಬಹುಮಹಡಿ ಕಟ್ಟಡಗಳ ನಡುವೆ ಅದನ್ನು ಹುಡುಕಬೇಕು. ಆದರೂ ಮಣ್ಣಗುಡ್ಡದಿಂದ ಬಳ್ಳಾಲ್‌ಬಾಗ್, ಬಿಜೈ, ಕದ್ರಿ ಕಂಬಳದ ಮಾರ್ಗವಾಗಿ ಕದ್ರಿ ಮಂಜುನಾಥ ದೇವಾಲಯದವರೆಗೆ ಕಾಲ್ನಡಿಗೆಯಲ್ಲಿ ಹೋದವರಿಗೆ ಈ ಊರು ಸಮತಟ್ಟಲ್ಲವೆಂಬುದು ಬೇಗ ತಿಳಿಯುತ್ತದೆ. ಮೂರು ಕಿಲೋಮೀಟರ್ ಆಸುಪಾಸಿನ ದಾರಿ. ದೇವಾಲಯದ ಹಿಂದಿನ ಕೆರೆಗಳನ್ನು ದಾಟಿ ಮೇಲಕ್ಕೇರುವ ಮೆಟ್ಟಿಲುಗಳಲ್ಲಿ, ಕರಾವಳಿಯ ಸೆಕೆಯ ದಿನವಾದರೆ, ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅಲ್ಲಿ ಮುರಕಲ್ಲಿನ ನೆಲದಲ್ಲಿ ಪಾಂಡವರ ಹೆಸರು ಹೊತ್ತ ಗುಹೆಗಳಿವೆ.

ಸುಮಾರು ನೂರು ವರ್ಷಗಳ ಹಿಂದೆ ಆ ಗುಹೆಯಲ್ಲಿ ಬಂದು ಕುಳಿತ ವ್ಯಕ್ತಿಯೊಬ್ಬರು, ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಹಿಮಾಲಯದ ಕೇದಾರ, ಬದರಿಗಳನ್ನು ನಡೆದೇ ಮುಗಿಸಿದ್ದರು. ಅವರು ಮಂಗಳೂರಿಗೆ ಅಪರಿಚಿತರಲ್ಲ. ಇದೇ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕಿಸಿ, ಸೀರೆಗಳಿಗೆ ಅಚ್ಚು ಹಾಕಿಸಿ ಮಾರುತ್ತಿದ್ದವರು, ವ್ಯಾಪಾರದಲ್ಲಿ ಸೋತವರು, ಒಂದು ಮುಂಜಾನೆ ಮನೆಯವರಿಗೆ ಪತ್ರ ಬರೆದಿಟ್ಟು ರೈಲು ಹತ್ತಿದವರು. ಹೆಸರು ವಿಠ್ಠಲರಾವ್. ಇಂದು ಕಾಞಂಗಾಡಿನ ಆನಂದಾಶ್ರಮದ ಸ್ವಾಮಿ ರಾಮದಾಸ್, ಭಕ್ತರ ಬಾಯಲ್ಲಿ ಪಪ್ಪಾ ರಾಮದಾಸ್ ಎಂದು ಪ್ರಸಿದ್ಧರು.

ಹೊಸದುರ್ಗದ ಹುಡುಗ

ವಿಠ್ಠಲರಾವ್ ಜನಿಸಿದ್ದು 1884ರ ಏಪ್ರಿಲ್ 10ರಂದು, ಹೊಸದುರ್ಗದಲ್ಲಿ. ಇದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗವಲ್ಲ. ಕಾಸರಗೋಡಿನ ದಕ್ಷಿಣಕ್ಕೆ, ಕಾಞಂಗಾಡಿಗೆ ಸೇರಿದ ಕೋಟೆಯ ಊರು. ಅಂದು ಅದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿತು. ತಂದೆ ಬಾಲಕೃಷ್ಣರಾವ್, ತಾಯಿ ಲಲಿತಾಬಾಯಿ. ಮನೆಮಾತು ಕೊಂಕಣಿ, ಮಕ್ಕಳು ತುಂಬಿದ ಮನೆ.

ಪಾಠದಲ್ಲಿ ಅವರು ಮುಂದಿದ್ದವರಲ್ಲ. ಓದುವ ಹುಚ್ಚು ಮಾತ್ರ ಬಹಳವಿತ್ತು, ಅದು ಪಠ್ಯಪುಸ್ತಕಗಳ ಹೊರಗಿನ ಓದು. ಮದರಾಸಿನ ಕಲಾಶಾಲೆಯಲ್ಲಿ ಸ್ವಲ್ಪ ಕಾಲ, ನಂತರ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಜವಳಿ ತಂತ್ರಜ್ಞಾನದ ಶಿಕ್ಷಣ ಪಡೆದರು. ಹತ್ತಿಯ ಗಿರಣಿಗಳು ಏಳುತ್ತಿದ್ದ ಆ ದಿನಗಳಲ್ಲಿ ಅದು ಅನ್ನ ಕೊಡಬಲ್ಲ ವಿದ್ಯೆ. ಆದರೆ ವಿಠ್ಠಲರಾಯರಿಗೆ ಕೆಲಸ ನಿಲ್ಲಲಿಲ್ಲ. ಒಂದು ಗಿರಣಿಯಿಂದ ಇನ್ನೊಂದಕ್ಕೆ, ನಡುವೆ ನಿರುದ್ಯೋಗ, ಮತ್ತೆ ಇನ್ನೊಂದು ಊರು. ಈ ನಡುವೆ ರುಕ್ಮಾಬಾಯಿಯವರೊಂದಿಗೆ ವಿವಾಹವಾಯಿತು. ರಮಾಬಾಯಿ ಎಂಬ ಮಗಳು ಹುಟ್ಟಿದಳು. ಕೊನೆಗೆ ಮಂಗಳೂರಿಗೆ ಬಂದು ಮಾವನ ವ್ಯಾಪಾರದಲ್ಲಿ ಕೈಜೋಡಿಸಿದರು, ಅದು ಹೊಂದಲಿಲ್ಲ. ಸ್ವಂತ ಉದ್ಯಮ ತೆಗೆದರು. ಅದು ಸಾಲವನ್ನೇ ಬೆಳೆಸಿತು.

ಅವರ ಜೀವನವನ್ನು ಬರೆದವರು ಸಾಮಾನ್ಯವಾಗಿ ಈ ಭಾಗವನ್ನು ಎರಡು ಸಾಲುಗಳಲ್ಲಿ ದಾಟಿ ಅಧ್ಯಾತ್ಮಕ್ಕೆ ಹೋಗುತ್ತಾರೆ. ಈ ವರದಿಗಾರನಿಗೆ ಮಾತ್ರ ಅವರ ಬದುಕಿನ ನಿಜವಾದ ಕಡಿದಾದ ಏರು ಇದೇ ಎನಿಸುತ್ತದೆ. ಮೂವತ್ತೆಂಟರ ಪ್ರಾಯ, ಸಾಲಗಾರರು ಬರುವ ಅಂಗಡಿ, ಕೈಗೂಡದ ವಿದ್ಯೆ, ಮನೆಯಲ್ಲಿ ಬೆಳೆಯುತ್ತಿರುವ ಮಗಳು. ಅವರು ರಾತ್ರಿಗಳಲ್ಲಿ ರಾಮನಾಮ ಜಪಿಸತೊಡಗಿದ್ದು ಈ ದಿನಗಳಲ್ಲಿ. ಅದನ್ನು ಕಂಡ ತಂದೆ ಬಾಲಕೃಷ್ಣರಾಯರೇ ಮಗನಿಗೆ ರಾಮತಾರಕ ಮಂತ್ರವನ್ನು ಉಪದೇಶಿಸಿದರು. ಕೊನೆಯವರೆಗೂ ಅವರು ಜಪಿಸಿದ್ದು ಅದೊಂದನ್ನೇ. ಊಟ ಕಡಿಮೆಯಾಯಿತು, ನಿದ್ದೆ ಕಡಿಮೆಯಾಯಿತು, ವ್ಯಾಪಾರದ ಮೇಲಿನ ಗಮನ ಪೂರ್ತಿ ಹೋಯಿತು.

1922ರ ಡಿಸೆಂಬರ್ ಅಂತ್ಯದಲ್ಲಿ ಅವರು ಹೊರಟೇಬಿಟ್ಟರು. ಮಂಗಳೂರಿಗೆ ರೈಲು ಬಂದು ಆಗ ಹದಿನೈದು ವರ್ಷವಾಗಿತ್ತು. ಕೈಯಲ್ಲಿದ್ದುದು ಸ್ವಲ್ಪ ಹಣ, ಕೆಲವು ಪುಸ್ತಕ. ಪತ್ನಿಗೆ ಬರೆದ ಪತ್ರದಲ್ಲಿ ಇನ್ನು ಮುಂದೆ ಆಕೆ ತನಗೆ ಸಹೋದರಿಯೆಂದು ತಿಳಿಸಿದ್ದರು. ಸಾಲ ಮತ್ತು ಅಂಗಡಿಯ ವಿಲೇವಾರಿಯನ್ನು ಸ್ನೇಹಿತರೊಬ್ಬರಿಗೆ ಒಪ್ಪಿಸಿದ್ದರು.

ಈರೋಡಿನ ಮೂಲಕ ಶ್ರೀರಂಗಕ್ಕೆ ತಲುಪಿ ಕಾವೇರಿಯಲ್ಲಿ ಮಿಂದು ಕಾವಿ ಧರಿಸಿದರು. ವಿಠ್ಠಲರಾವ್ ಎಂಬ ಹೆಸರು ಅಲ್ಲಿಗೆ ಮುಗಿಯಿತು. ಮುಂದೆ ತಮ್ಮ ಬರಹಗಳಲ್ಲಿ ಅವರು ನಾನು ಎಂಬ ಪದವನ್ನೇ ಬಿಟ್ಟು, ತಮ್ಮನ್ನು ರಾಮದಾಸ ಎಂದು ಮೂರನೆಯವರಂತೆ ಕರೆದುಕೊಂಡರು. ಎದುರು ಬಂದವರೆಲ್ಲರೂ ಅವರಿಗೆ ರಾಮನೇ ಆದರು. ಜೊತೆಗೆ ಸಿಕ್ಕ ಸಾಧು ಸಾಧುರಾಮ. ಟಿಕೆಟಿಲ್ಲದ ಈ ಪ್ರಯಾಣಿಕನನ್ನು ರೈಲಿನಿಂದ ಕೆಳಗಿಳಿಸಿದ ಅಧಿಕಾರಿಯೂ ರಾಮನೇ. ಅಂತಹ ಪ್ರಸಂಗಗಳನ್ನು ಅವರು ದೂರಾಗಿ ಅಲ್ಲ, ನಗುತ್ತ ಬರೆದಿದ್ದಾರೆ.

ತಿರುವಣ್ಣಾಮಲೈಯಲ್ಲಿ ರಮಣ ಮಹರ್ಷಿಗಳನ್ನು ಕಂಡರು. ಅವರ ದೃಷ್ಟಿ ತಮ್ಮ ಮೇಲೆ ಬಿದ್ದ ಕ್ಷಣವನ್ನು ಬದುಕಿನ ದೊಡ್ಡ ಘಟನೆಯಾಗಿ ನೆನೆದರು. ಬಳಿಕ ಅರುಣಾಚಲ ಬೆಟ್ಟದ ಗುಹೆಯೊಂದರಲ್ಲಿ ಕೆಲವು ವಾರ ಜಪದಲ್ಲಿ ಕಳೆದರು. ಅಲ್ಲಿಂದ ತಿರುಪತಿ, ಪುರಿ, ಕಲ್ಕತ್ತಾ, ಕಾಶಿ. ಬೇಸಿಗೆಯ ಹೊತ್ತಿಗೆ ಹರಿದ್ವಾರ, ಹೃಷೀಕೇಶ.

ಏರಿ ಇಳಿದು ಮತ್ತೆ ಏರುವ ದಾರಿ

ಇಂದು ಹೃಷೀಕೇಶದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದವರು ಸಂಜೆಗೆ ಗೌರೀಕುಂಡದ ಸಮೀಪ ಇಳಿಯುತ್ತಾರೆ. ಹೆಲಿಕಾಪ್ಟರ್ ಆದರೆ ಕೆಲವೇ ನಿಮಿಷಗಳ ಮಾತು. 1923ರಲ್ಲಿ ಗಾಡಿ ರಸ್ತೆ ಹೃಷೀಕೇಶದ ಬಳಿಯೇ ಮುಗಿಯುತ್ತಿತ್ತು. ಲಕ್ಷ್ಮಣಝೂಲಾದಲ್ಲಿ ಗಂಗೆಯನ್ನು ದಾಟುವುದು 1889ರಲ್ಲಿ ಕಟ್ಟಿದ ತೂಗುಸೇತುವೆಯ ಮೇಲೆ. ರಾಮದಾಸರು ಹೋದ ಮರುವರ್ಷ, 1924ರ ಪ್ರವಾಹದಲ್ಲಿ ಅದು ಕೊಚ್ಚಿಹೋಯಿತು. ಅಲ್ಲಿಂದ ಮುಂದಿನದೆಲ್ಲ ಕಾಲುದಾರಿ. ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗ, ಗುಪ್ತಕಾಶಿ, ಗೌರೀಕುಂಡ ಮಾರ್ಗವಾಗಿ ಕೇದಾರ. ಹಿಂತಿರುಗಿ ಊಖೀಮಠ, ಚಮೋಲಿ, ಜೋಶೀಮಠ ದಾಟಿ ಬದರಿ. ಹಲವು ನೂರು ಮೈಲಿಗಳ, ವಾರಗಟ್ಟಲೆಯ ನಡಿಗೆ.

ಆ ಕಾಲದ ಯಾತ್ರಿಕನ ಒಂದು ದಿನ ಹೇಗಿತ್ತೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಬಸ್ಸಿನ ಕಿಟಕಿಯಿಂದ ಆ ಕಣಿವೆಯನ್ನು ನೋಡುವ ನಮಗೆ ಅದರ ಅಂದಾಜು ಸಿಗುವುದಿಲ್ಲ. ಬೆಳಕು ಹರಿಯುವ ಮುನ್ನವೇ ಹೊರಡಬೇಕು. ಮೇ, ಜೂನ್ ತಿಂಗಳಲ್ಲಿ ಅಲಕನಂದೆಯ ಕಣಿವೆಯ ಕೆಳಭಾಗ ನಮ್ಮ ರಾಯಚೂರಿಗೆ ಕಡಿಮೆಯಿಲ್ಲದಂತೆ ಕಾಯುತ್ತದೆ. ಬಂಡೆಗಳು ಬಿಸಿಲನ್ನು ಹೀರಿ ಕಾಲಿಗೆ ವಾಪಸು ಕೊಡುತ್ತವೆ. ಹತ್ತು ಗಂಟೆಯೊಳಗೆ ಒಂದು ಚಟ್ಟಿಯನ್ನು ತಲುಪಬೇಕು. ಚಟ್ಟಿಯೆಂದರೆ ದಾರಿಯುದ್ದಕ್ಕೂ ಕೆಲವು ಮೈಲಿಗೊಂದರಂತೆ ಇದ್ದ ಹುಲ್ಲು ಹೊದೆಸಿದ ಸೋಗೆ. ಅಲ್ಲಿಯ ಅಂಗಡಿಯವನಿಂದ ಹಿಟ್ಟು, ಬೇಳೆ ಕೊಂಡರೆ ಅಡುಗೆಯ ಪಾತ್ರೆ ಮತ್ತು ಮಲಗುವ ಜಾಗಕ್ಕೆ ಬೇರೆ ಹಣವಿಲ್ಲ. ಕಾಸಿಲ್ಲದ ಸಾಧುಗಳಿಗೆ ಬಾಬಾ ಕಾಲಿ ಕಮ್ಲಿವಾಲಾ ಸಂಸ್ಥೆಯ ಸದಾವ್ರತಗಳಿದ್ದವು. ಹೃಷೀಕೇಶದಲ್ಲಿ ಚೀಟಿ ಪಡೆದವರಿಗೆ ದಾರಿಯ ನಿಗದಿತ ಸ್ಥಳಗಳಲ್ಲಿ ಅಕ್ಕಿ, ಹಿಟ್ಟು ಸಿಗುತ್ತಿತ್ತು. ಬಿಸಿಲು ಇಳಿದ ಮೇಲೆ ಮತ್ತೆ ನಡೆ. ಹೀಗೆ ದಿನಕ್ಕೆ ಹತ್ತು ಹನ್ನೆರಡು ಮೈಲಿ ಸಾಗಿದರೆ ಅದು ಒಳ್ಳೆಯ ದಿನ.

ಹಿಮಾಲಯದ ನಡಿಗೆಯಲ್ಲಿ ಕಾಲನ್ನು ಸೋಲಿಸುವುದು ಎತ್ತರ ಮಾತ್ರವಲ್ಲ, ಗಳಿಸಿದ ಎತ್ತರವನ್ನು ಕಳೆದುಕೊಳ್ಳುವುದು. ಬೆಳಿಗ್ಗೆಯೆಲ್ಲ ಏರಿದ್ದನ್ನು ಮಧ್ಯಾಹ್ನ ಒಂದು ಹಳ್ಳ ದಾಟಲು ಪೂರ್ತಿ ಇಳಿಯಬೇಕು, ಆಚೆ ದಡದಲ್ಲಿ ಅಷ್ಟನ್ನೇ ಮತ್ತೆ ಏರಬೇಕು. ಗೌರೀಕುಂಡ ಸಮುದ್ರಮಟ್ಟದಿಂದ ಸುಮಾರು 1,980 ಮೀಟರ್ ಎತ್ತರದಲ್ಲಿದೆ, ಕೇದಾರನಾಥ 3,583 ಮೀಟರ್. ಹಳೆಯ ದಾರಿಯಲ್ಲಿ ಇವೆರಡರ ನಡುವೆ 14 ಕಿಲೋಮೀಟರ್. ನಮ್ಮ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತ ಏರಿದವರಿಗೆ ಹೋಲಿಕೆ ಸುಲಭ. ದೂರ ಹೆಚ್ಚುಕಡಿಮೆ ಅಷ್ಟೇ, ಏರಿಕೆಯೂ ಅಷ್ಟೇ. ವ್ಯತ್ಯಾಸವೆಂದರೆ, ಕುಮಾರಪರ್ವತದ ತುದಿಗಿಂತಲೂ (1,712 ಮೀಟರ್) ಎತ್ತರದಲ್ಲಿ ಕೇದಾರದ ಏರು ಶುರುವಾಗುತ್ತದೆ. ದೇವಾಲಯದ ಬಳಿ ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನಲ್ಲಿ ಸಿಗುವುದರ ಸುಮಾರು ಮೂರನೇ ಎರಡರಷ್ಟು. ಕಡಲದಂಡೆಯಲ್ಲಿ ಬೆಳೆದು, ಅರೆಹೊಟ್ಟೆಯಲ್ಲಿ ದೇಶ ಸುತ್ತಿ ಬಂದ ದೇಹಕ್ಕೆ ಇದು ಸಣ್ಣ ಸಂಗತಿಯಲ್ಲ.

ಇದರ ಜೊತೆಗೆ ಮತ್ತೊಂದು ಭಯವಿತ್ತು. 1918ರಿಂದ 1926ರವರೆಗೆ ಇದೇ ಯಾತ್ರಾಮಾರ್ಗದ ಸುತ್ತ ರುದ್ರಪ್ರಯಾಗದ ನರಭಕ್ಷಕ ಚಿರತೆ ತಿರುಗುತ್ತಿತ್ತು. ಸರ್ಕಾರಿ ಲೆಕ್ಕದಲ್ಲಿಯೇ 125 ಜನರನ್ನು ಕೊಂದ ಆ ಪ್ರಾಣಿಯನ್ನು ಜಿಮ್ ಕಾರ್ಬೆಟ್ ಹೊಡೆದದ್ದು 1926ರ ಮೇ ತಿಂಗಳಲ್ಲಿ. ಕತ್ತಲಾದ ಮೇಲೆ ಆ ಪ್ರದೇಶದಲ್ಲಿ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಮುಂಭಾಗ ತೆರೆದಿರುವ ಚಟ್ಟಿಗಳಲ್ಲಿ ಮಲಗುವ ಯಾತ್ರಿಕರಿಗೆ ಮುಚ್ಚಲು ಬಾಗಿಲೇ ಇರಲಿಲ್ಲ. ಬಯಲುಸೀಮೆಯ ಜನ ಚೂಪುಗಲ್ಲಿನ ಈ ದಾರಿಯಲ್ಲಿ ಬರಿಗಾಲಲ್ಲಿ ಪಡುವ ಯಾತನೆಯನ್ನು ಕಾರ್ಬೆಟ್ ತಮ್ಮ ಪುಸ್ತಕದ ಮೊದಲಲ್ಲೇ ಮರುಕದಿಂದ ವಿವರಿಸಿದ್ದಾರೆ. ಬೇಟೆಗಾರನ ಪುಸ್ತಕ ಯಾತ್ರಿಕರ ಪಾದಗಳಿಂದ ಆರಂಭವಾಗುವುದು ವಿಶೇಷವೇ ಸರಿ.

ದಣಿವು ಎಲ್ಲಿ ಹೋಯಿತು?

ಇಷ್ಟೆಲ್ಲ ಇದ್ದ ದಾರಿಯ ಬಗ್ಗೆ ರಾಮದಾಸರು ಬರೆದದ್ದನ್ನು ಓದಿದಾಗ ಅಚ್ಚರಿಯಾಗುತ್ತದೆ. 1920ರ ದಶಕದಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಆತ್ಮಕಥನ ‘ಇನ್ ಕ್ವೆಸ್ಟ್ ಆಫ್ ಗಾಡ್’ನಲ್ಲಿ ಕೇದಾರ, ಬದರಿಗಳಿಗೆ ಒಂದು ಅಧ್ಯಾಯ ಮೀಸಲಾಗಿದೆ. ಅಲ್ಲಿ ತುಂಬಿರುವುದು ಬೆಟ್ಟಗಳು ಕೊಟ್ಟ ಆನಂದ. ಏರಿನ ಕಷ್ಟದ ಲೆಕ್ಕವಲ್ಲ. ಮೈಲಿ, ಮೆಟ್ಟಿಲು, ಗುಳ್ಳೆಯೆದ್ದ ಪಾದಗಳನ್ನು ಎಣಿಸುವುದರಲ್ಲಿ ಇತರ ಪ್ರವಾಸಲೇಖಕರಿಗಿರುವ ಆಸಕ್ತಿ ಇವರಿಗಿಲ್ಲ. ದಣಿವಿನ ಬಗ್ಗೆ ಪುಸ್ತಕ ಬಹುಮಟ್ಟಿಗೆ ಮೌನವಾಗಿದೆ.

ಭಕ್ತರು ಇದಕ್ಕೆ ಕೊಡುವ ವಿವರಣೆ ಸರಳ: ನಾಮಜಪದಲ್ಲಿ ಮುಳುಗಿದವನಿಗೆ ದೇಹದ ಪರಿವೆ ಇರುವುದಿಲ್ಲ. ಇರಬಹುದು. ದೂರದ ನಡಿಗೆಯ ಅಭ್ಯಾಸವಿರುವ ಸಾಮಾನ್ಯರೂ ಇದರ ಒಂದಂಶವನ್ನು ಬಲ್ಲರು. ಹೆಜ್ಜೆಗೂ ಉಸಿರಿಗೂ ಒಂದು ಲಯ ಕೂಡಿದರೆ, ಅದಕ್ಕೆ ಒಂದು ಪದ ಸೇರಿದರೆ, ಏರು ಸ್ವಲ್ಪ ಸಡಿಲವಾಗುತ್ತದೆ. ಶಬರಿಮಲೆಯ ಮೆರವಣಿಗೆಗಳಿಗೂ ಪಂಢರಪುರದ ವಾರಿಗೂ ಶರಣುಘೋಷ, ಅಭಂಗಗಳಿಲ್ಲದೆ ಕಾಲು ಸಾಗದು.

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಹಿಮಾಲಯದ ದಾರಿಯಲ್ಲಿ ರಾಮದಾಸರು ಹೊತ್ತ ಗಂಟು ಬಹಳ ಹಗುರ. ಎಲ್ಲಿ ಉಣ್ಣಬೇಕು, ಯಾವ ಕಡೆಗೆ ಹೊರಡಬೇಕು ಎಂಬ ನಿರ್ಧಾರವನ್ನೂ ಜೊತೆಯ ಸಾಧುಗಳಿಗೆ ಬಿಟ್ಟಿದ್ದರು. ಮಂಗಳೂರಿನಲ್ಲಿ ಅವರ ಹೆಗಲ ಮೇಲಿದ್ದ ಹೊರೆ ಅದಕ್ಕಿಂತ ಬಹಳ ಭಾರದ್ದು. ಅದನ್ನು ಇಳಿಸಿ ಬಂದ ಮನುಷ್ಯನಿಗೆ ಕೇದಾರದ ಏರು ಹಗುರವೆನಿಸಿದ್ದರೆ ಆಶ್ಚರ್ಯವಿಲ್ಲ. ಇಳಿಸಿದ ಹೊರೆ ಮಾತ್ರ ಮಾಯವಾಗಿರಲಿಲ್ಲ. ಅದು ಮಂಗಳೂರಿನಲ್ಲಿಯೇ ಇತ್ತು, ರುಕ್ಮಾಬಾಯಿಯವರ ಪಾಲಿಗೆ ಬಂದಿತ್ತು. ಮುಚ್ಚಿದ ಅಂಗಡಿ, ಗಂಡ ಬಿಟ್ಟುಹೋದವಳೆಂಬ ಊರಿನ ಮಾತು, ಓದು ಮತ್ತು ಮದುವೆಯ ವಯಸ್ಸಿಗೆ ಬರುತ್ತಿದ್ದ ಮಗಳು. ಅವರ ಆ ವರ್ಷದ ದಿನಚರಿಯನ್ನು ಯಾರೂ ಪುಸ್ತಕ ಮಾಡಲಿಲ್ಲ. ರಾಮದಾಸರ ಬಗ್ಗೆ ಗೌರವವಿಟ್ಟುಕೊಂಡೇ ಈ ಮಾತನ್ನು ಹೇಳಬೇಕಾಗುತ್ತದೆ. ಮನೆ ಬಿಟ್ಟ ಮಹನೀಯರ ಕಥೆಗಳು ನಮ್ಮಲ್ಲಿ ಧಾರಾಳವಾಗಿವೆ. ಆ ಮನೆಗಳಲ್ಲಿ ಮರುದಿನ ಒಲೆ ಹೇಗೆ ಉರಿಯಿತೆಂಬ ಕಥೆಗಳು ಕಡಿಮೆ.

ಹುಬ್ಬಳ್ಳಿಯ ಭೇಟಿ

ಬದರಿಯಿಂದ ಇಳಿದ ಮೇಲೂ ರಾಮದಾಸರ ಸಂಚಾರ ನಿಲ್ಲಲಿಲ್ಲ. ಮಥುರಾ, ವೃಂದಾವನ, ಅಜ್ಮೇರ್, ಅಲ್ಲಿಂದ ಸೌರಾಷ್ಟ್ರದ ಜುನಾಗಢ. ಅಲ್ಲಿ ಗಿರ್ನಾರ್ ಎಂಬ ಇನ್ನೊಂದು ದೊಡ್ಡ ಏರು. ಅದಕ್ಕೆ ಹತ್ತು ಸಾವಿರದಷ್ಟು ಮೆಟ್ಟಿಲು. ದ್ವಾರಕೆ, ಮುಂಬಯಿ, ನಾಸಿಕ, ಪಂಢರಪುರ, ವಿಜಾಪುರಗಳನ್ನು ಮುಗಿಸಿ ಹುಬ್ಬಳ್ಳಿಗೆ ಬಂದರು. ಸಿದ್ಧಾರೂಢರು ಆಗ ಜೀವಂತವಾಗಿದ್ದರು. ಮಠದಲ್ಲಿ ರಾಮದಾಸರಿಗೆ ಆಶ್ರಯ ದೊರೆಯಿತು.

ರಾಮದಾಸರು ಹುಬ್ಬಳ್ಳಿಯಲ್ಲಿರುವ ಸುದ್ದಿ ಮಂಗಳೂರಿಗೆ ತಲುಪಿತು. ರುಕ್ಮಾಬಾಯಿ ಮಗಳನ್ನು ಕರೆದುಕೊಂಡು ಹೊರಟರು. ಇಂದು ಮಂಗಳೂರಿನಿಂದ ಹುಬ್ಬಳ್ಳಿ ಒಂದು ರಾತ್ರಿಯ ಬಸ್ ಪ್ರಯಾಣ. ಕೊಂಕಣ ರೈಲು, ಹಾಸನ ರೈಲು ಯಾವುದೂ ಇಲ್ಲದ ಅಂದಿನ ದಿನಗಳಲ್ಲಿ ಒಬ್ಬ ಹೆಂಗಸು ಮಗಳೊಂದಿಗೆ ಘಟ್ಟದ ಮೇಲಿನ ಹುಬ್ಬಳ್ಳಿಯನ್ನು ಸೇರುವುದೆಂದರೆ ಅದೂ ಒಂದು ಯಾತ್ರೆಯೇ. ಮಠದಲ್ಲಿ ಪತಿಯನ್ನು ಕಂಡು ಮನೆಗೆ ಮರಳುವಂತೆ ಕೇಳಿಕೊಂಡರು. ರಾಮದಾಸರು ಮಂಗಳೂರಿಗೆ ಬರಲು ಒಪ್ಪಿದರು, ಗೃಹಸ್ಥಾಶ್ರಮಕ್ಕೆ ಮರಳಲು ಒಪ್ಪಲಿಲ್ಲ.

ಹೀಗೆ ವರ್ಷದಷ್ಟು ಕಾಲ ದೇಶ ಸುತ್ತಿದವರು ಕೊನೆಗೆ ತಲುಪಿದ್ದು ಹೊರಟ ಊರನ್ನೇ. ಮನೆಯ ಬದಲು ಕದ್ರಿ ಗುಡ್ಡವನ್ನು ಏರಿ ಪಾಂಡವರ ಗುಹೆಯಲ್ಲಿ ನೆಲೆ ನಿಂತರು. ದೀರ್ಘ ನಡಿಗೆಗಳು ಬಂದು ಮುಗಿಯುವುದು ಕದ್ರಿಗೆ ಹೊಸದೇನಲ್ಲ. ಕ್ರಿ.ಶ. 968ರ ಶಾಸನವಿರುವ ಲೋಕೇಶ್ವರ ವಿಗ್ರಹದ ಈ ಕ್ಷೇತ್ರ ನಾಥಪಂಥದ ಹಳೆಯ ನೆಲೆ. ಹನ್ನೆರಡು ವರ್ಷಗಳಿಗೊಮ್ಮೆ ನಾಸಿಕದ ತ್ರ್ಯಂಬಕೇಶ್ವರದಿಂದ ಹೊರಡುವ ನಾಥ ಸಾಧುಗಳ ತಂಡ ತಿಂಗಳುಗಟ್ಟಲೆ ನಡೆದು ಇಲ್ಲಿಯ ಜೋಗಿ ಮಠಕ್ಕೆ ಹೊಸ ಅರಸನನ್ನು ತಂದು ಪಟ್ಟ ಕಟ್ಟುವ ಸಂಪ್ರದಾಯವಿದೆ. 2016ರಲ್ಲಿ ನಗರ ಆ ಮೆರವಣಿಗೆಯನ್ನು ಕಂಡಿದೆ.

ಗುಹೆಯಲ್ಲಿ ಕೆಲವು ತಿಂಗಳು ಧ್ಯಾನದಲ್ಲಿ ಕಳೆದರು. ಜನ ಬರತೊಡಗಿದರು. ಕೆಲವರು ಕುತೂಹಲಕ್ಕೆ, ಕೆಲವರು ಶ್ರದ್ಧೆಯಿಂದ. ನಿನ್ನೆ ಮೊನ್ನೆ ಸೀರೆ ಮಾರುತ್ತಿದ್ದವರನ್ನು ಊರು ಸ್ವಾಮಿಯೆಂದು ಒಪ್ಪಿಕೊಳ್ಳುವುದು ಸುಲಭದ ಮಾತಲ್ಲ. ಕದ್ರಿಯಿಂದ ಮತ್ತೆ ಹೊರಟರು. ಉತ್ತರದ ಬೆಟ್ಟಗಳಿಗೆ, ಕಾಶ್ಮೀರದವರೆಗೆ ಇನ್ನೊಂದು ಸುತ್ತು. ಅದರ ಕಥೆ ‘ಇನ್ ದ ವಿಷನ್ ಆಫ್ ಗಾಡ್’ನಲ್ಲಿದೆ. ನಂತರ ಕಾಸರಗೋಡಿನ ಪಿಲಿಕುಂಜೆಯಲ್ಲಿ ಪುಟ್ಟ ಆಶ್ರಮ. ಎಳೆಯ ವಯಸ್ಸಿನಲ್ಲಿ ವಿಧವೆಯಾಗಿದ್ದ ಕೃಷ್ಣಾಬಾಯಿ ಶಿಷ್ಯೆಯಾಗಿ ಬಂದದ್ದು ಅಲ್ಲಿಗೆ. ಆಕೆಯ ಆಗಮನ ಊರಿನ ಕೆಲವರಿಗೆ ಸಹಿಸದೆ ಅಪವಾದಗಳು ಹುಟ್ಟಿದವು, ಆಶ್ರಮದ ಮೇಲೆ ದಾಳಿಯೂ ಆಯಿತು. ಇಬ್ಬರೂ ಅಲ್ಲಿಂದ ಕಾಲ್ತೆಗೆದರು. 1931ರಲ್ಲಿ ಕಾಞಂಗಾಡಿನಲ್ಲಿ, ಹುಟ್ಟೂರಿನ ಪಕ್ಕದಲ್ಲೇ, ಆನಂದಾಶ್ರಮ ಸ್ಥಾಪನೆಯಾಯಿತು.

1954ರಲ್ಲಿ ರಾಮದಾಸರು ಕೃಷ್ಣಾಬಾಯಿಯವರೊಂದಿಗೆ ವಿಶ್ವಪರ್ಯಟನೆ ಕೈಗೊಂಡರು. ಈ ಬಾರಿ ಟಿಕೆಟ್ ಇತ್ತು, ವಿಮಾನವಿತ್ತು. 1963ರ ಜುಲೈ 25ರಂದು ಆನಂದಾಶ್ರಮದಲ್ಲಿ ದೇಹಬಿಟ್ಟರು. ಆಗ ಅವರಿಗೆ 79 ವರ್ಷ. ಆಶ್ರಮವನ್ನು ಮುಂದೆ ನಡೆಸಿದ ಕೃಷ್ಣಾಬಾಯಿಯವರು 1989ರಲ್ಲಿ ನಿಧನರಾದರು. ರುಕ್ಮಾಬಾಯಿ ಮನೆಗೆ ಕರೆಯುವುದನ್ನು ಎಂದೋ ನಿಲ್ಲಿಸಿ, ಕಾಲಾಂತರದಲ್ಲಿ ತಾವೇ ಆಶ್ರಮಕ್ಕೆ ಬಂದು ಅಲ್ಲಿಯವರಲ್ಲಿ ಒಬ್ಬರಾಗಿದ್ದರು.

ರಾಮದಾಸರು ನಡೆದ ಕೇದಾರದ ದಾರಿ ಇಂದು ಪೂರ್ತಿಯಾಗಿ ಉಳಿದಿಲ್ಲ. 2013ರ ಜೂನ್‌ನ ಪ್ರಳಯದಲ್ಲಿ ಚೋರಾಬಾರಿ ಸರೋವರ ಒಡೆದು ಬಂದ ನೀರು, ಬಂಡೆಗಳು ನಡುದಾರಿಯ ತಂಗುದಾಣವಾಗಿದ್ದ ರಾಮಬಾಡಾವನ್ನು ಗುರುತಿಲ್ಲದಂತೆ ಅಳಿಸಿಹಾಕಿದವು. ಯಾತ್ರಿಕರು ಈಗ ಮಂದಾಕಿನಿಯ ಆಚೆ ದಡದಲ್ಲಿ ಕಡಿದ ಹೊಸ ಹಾದಿಯಲ್ಲಿ ಏರುತ್ತಾರೆ, ಹಳೆಯದಕ್ಕಿಂತ ಉದ್ದ, ಕೆಲವೆಡೆ ಇನ್ನೂ ಕಡಿದು. ಕದ್ರಿಯ ಗುಹೆಗಳು ಮಾತ್ರ ಇದ್ದಲ್ಲಿಯೇ ಇವೆ. ಮಣ್ಣಗುಡ್ಡದಿಂದ ನಡೆದು ಹೋಗುವವರು ಮಧ್ಯಾಹ್ನ ದೇವಾಲಯದ ಬಾಗಿಲು ಮುಚ್ಚುವ ಮುನ್ನ ತಲುಪುವಂತೆ ಬೇಗ ಹೊರಡುವುದು ಒಳ್ಳೆಯದು. ಬಿಜೈ ದಾಟಿದ ಮೇಲೆ ನೆರಳು ಕಡಿಮೆ.